ನಲ್ಲಿ ತಿರುಗಿಸಿದ್ರೆ ನೀರಿಲ್ಲ, ಹೊರಗೆ ಮೈನಸ್ ಇಪ್ಪತ್ತು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ, ಚಳಿಗೆ ಮನೆ ಪೈಪ್ ಒಳಗಿನ ನೀರು ಐಸ್ ಆಗಿ ಗಡ್ಡೆ ಕಟ್ಟೋದು. ಊರಲ್ಲಿರೋರಿಗೆ ಇದೇನಪ್ಪ ಅನ್ಸಬಹುದು, ಆದ್ರೆ ನಮ್ಮ ಮಕ್ಕಳು, ಅಳಿಯಂದಿರು, ತಂಗಿ ತಮ್ಮಂದಿರು ಈಗ ಎಲ್ಲೆಲ್ಲಿದಾರೆ ನೋಡಿ, ಅಲ್ಲಿಂದೆಲ್ಲ ಕಾಗದ ಬಂದಿದೆ. ನಾನು ಲೈಸೆನ್ಸ್ ಇರೋ ಪ್ಲಂಬರ್ ಅಲ್ಲ, ಅಮೆರಿಕದ ಮಿನೆಸೋಟಾದಲ್ಲಿ ಹದಿನೆಂಟು ಚಳಿಗಾಲ ಕಳೆದು ಅದ್ರಲ್ಲಿ ಒಂದಷ್ಟು ವರ್ಷ ಅಪಾರ್ಟ್‌ಮೆಂಟ್ ಬಿಲ್ಡಿಂಗ್‌ಗಳ ಮೇಂಟೆನೆನ್ಸ್ ನೋಡ್ಕೊಂಡಿದ್ದೋನು, ಆ ಅನುಭವದ ಮೇಲೆ ಹೇಳ್ತಿದೀನಿ.

ಮಿನಿಯಾಪೊಲಿಸ್‌ನಿಂದ ಒಬ್ಬರು: ಬೆಳಿಗ್ಗೆ ಕಾಫಿಗೆ ನೀರು ಹಿಡಿಯೋಣ ಅಂತ ಹೋದ್ರೆ ಅಡುಗೆಮನೆ ನಲ್ಲಿಲಿ ನೀರೇ ಇಲ್ಲ, ಬಾತ್‌ರೂಮಲ್ಲಿ ಬರ್ತಿದೆ. ಹೊರಗೆ ಮೈನಸ್ 26 ಸೆಲ್ಸಿಯಸ್. ಫ್ರೆಂಡ್ ಒಬ್ರು ಬ್ಲೋ ಟಾರ್ಚ್, ಅದೇ ಬೆಸುಗೆಗೆ ಬೆಂಕಿ ಉಗುಳೋದು, ಕೊಡ್ತೀನಿ ಬಾ ಅಂತಿದಾರೆ. ಏನ್ಮಾಡ್ಲಿ?

ಮೊದಲು ಆ ಫ್ರೆಂಡ್‌ಗೆ ಥ್ಯಾಂಕ್ಸ್ ಹೇಳಿ ಟಾರ್ಚ್ ಅವರ ಮನೇಲೇ ಇರ್ಲಿ ಅನ್ನಿ. ಮರದ ಚೌಕಟ್ಟಿನ ಗೋಡೆ ಒಳಗೆ ಬೆಂಕಿ ಹೊತ್ಕೊಂಡ್ರೆ ಹೊರಗಿಂದ ಕಾಣ್ಸೋದೂ ಇಲ್ಲ, ಪೈಪ್ ಬಿಡಿಸೋಕೆ ಹೋಗಿ ಮನೆ ಕಳ್ಕೊಂಡೋರು ಇದಾರೆ. ಅದೂ ಅಲ್ದೆ ತಾಮ್ರದ ಪೈಪಿನ ಬೆಸುಗೆ ಕರಗತ್ತೆ, ಎರಡು ಗಡ್ಡೆ ಮಧ್ಯೆ ನೀರು ಕುದ್ರೆ ಆವಿ ಒತ್ತಡಕ್ಕೆ ಪೈಪೇ ಸಿಡಿಯತ್ತೆ.

ಈಗ ನಿಮ್ಮ ವಿಷಯ. ಬಾತ್‌ರೂಮಲ್ಲಿ ನೀರಿದೆ ಅಂದ್ರೆ ಬೀದಿಯಿಂದ ಮನೆಗೆ ಬರೋ ಮೇನ್ ಲೈನ್ ಚೆನ್ನಾಗಿದೆ, ಕಟ್ಕೊಂಡಿರೋದು ಅಡುಗೆಮನೆಗೆ ಹೋಗೋ ಕವಲು ಮಾತ್ರ. ಸಿಂಕ್ ಇರೋದು ಹೊರಗಿನ ಗೋಡೆಗೆ ಅಂಟ್ಕೊಂಡು ಅಲ್ವಾ, ಅದೂ ಬಹುಶಃ ಉತ್ತರದ ಕಡೆ? ಹಾಗಿದ್ರೆ ಜಾಗ ಅದೇ.

ಆದ್ರೆ ಪೈಪ್ ಬಿಸಿ ಮಾಡೋಕ್ ಮುಂಚೆ ಒಂದು ಕೆಲಸ, ಬೇಸ್‌ಮೆಂಟಿಗೆ ಇಳಿದು ನೀರಿನ ಮೀಟರ್ ಹತ್ರ ಇರೋ ಮೇನ್ ವಾಲ್ವ್ ಹುಡುಕಿ, ಅದು ತಿರುಗತ್ತಾ ನೋಡಿ. ಯಾಕೆ ಹೇಳ್ತೀನಿ ಕೇಳಿ. ಪೈಪ್ ಒಳಗೆ ಗಡ್ಡೆ ಇರೋವರೆಗೂ ಏನೂ ತೊಂದ್ರೆ ಕಾಣ್ಸಲ್ಲ, ಪೈಪ್ ಆಗಲೇ ಸೀಳಿದ್ರೂ ಗಡ್ಡೆನೇ ಬಿರಡೆ ಥರ ಕೂತಿರತ್ತೆ, ಅದು ಕರಗಿದ ಕ್ಷಣ ನೀರು ಗೋಡೆ ಒಳಗೆ ಸುರಿಯೋಕೆ ಶುರು. ಮನೆ ಹಾಳಾಗೋದು ಚಳಿ ಬಂದ ದಿನ ಅಲ್ಲ, ಚಳಿ ಬಿಟ್ಟ ದಿನ. ಆವಾಗ ವಾಲ್ವ್ ಎಲ್ಲಿದೆ ಅಂತ ಮೊಬೈಲ್ ಟಾರ್ಚ್ ಹಿಡ್ಕೊಂಡು ಹುಡುಕ್ತಾ ಕೂತ್ರೆ ಆಯ್ತು ಕಥೆ.

ವಾಲ್ವ್ ಸಿಕ್ತಾ? ಮನೇಲಿ ಇನ್ನೊಬ್ರಿದ್ರೆ ಅವರನ್ನ ಅಲ್ಲಿ ನಿಲ್ಸಿ. ನೀವು ಸಿಂಕ್ ಕೆಳಗಿನ ಕಪಾಟು ಖಾಲಿ ಮಾಡಿ. ನಮ್ಮೋರ ಮನೆ ಅಂದ್ಮೇಲೆ ಅಲ್ಲಿ ಎಣ್ಣೆ ಕ್ಯಾನು, ಇಪ್ಪತ್ತು ಪೌಂಡ್ ಸೋನಾ ಮಸೂರಿ ಚೀಲ, ಹಳೇ ಪ್ಲಾಸ್ಟಿಕ್ ಕವರ್‌ಗಳ ಮೂಟೆ ಎಲ್ಲ ತುರುಕಿರ್ತೀವಿ, ಅದೇ ಮನೆ ಬಿಸಿ ಗಾಳಿ ಪೈಪ್ ಹತ್ರ ಹೋಗದ ಹಾಗೆ ತಡೆದಿರತ್ತೆ. ಎಲ್ಲ ತೆಗೆದು ಪೈಪ್ ಮೇಲೆ ಕೈ ಆಡಿಸಿ, ಒಂದು ಕಡೆ ಸುಮ್ನೆ ತಣ್ಣಗಿರತ್ತೆ, ಮುಂದೆ ಹೋದ್ರೆ ಕೈ ಅಂಟೋ ಅಷ್ಟು ತಣ್ಣಗೆ, ಮೇಲೆ ಬಿಳೀ ಹಿಮದ ಹುಡಿ ಕೂತಿದ್ರೆ ಅಲ್ಲೇ ಗಡ್ಡೆ. ನಲ್ಲಿ ಪೂರ್ತಿ ತೆರೆದಿಡಿ. ಹೇರ್ ಡ್ರೈಯರ್ ತಗೊಂಡು ನಲ್ಲಿ ಕಡೆಯಿಂದ ಶುರು ಮಾಡಿ ಗಡ್ಡೆ ಕಡೆಗೆ ಹೋಗಿ, ಕರಗಿದ ನೀರಿಗೆ ಹೊರಗೆ ಬರೋಕೆ ದಾರಿ ಬೇಕಲ್ಲ, ಅದಕ್ಕೆ. ನೆಲ ಒದ್ದೆ ಇದ್ರೆ ಡ್ರೈಯರ್ ಮುಟ್ಬೇಡಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿ, ಬೆನ್ನುನೋವಿಗೆ ಇಟ್ಕೊಳೋ ಹೀಟಿಂಗ್ ಪ್ಯಾಡ್ ಇದ್ರೂ ಆಗತ್ತೆ.

ತಾಳ್ಮೆ ಬೇಕು ಸಾರ್. ನಮ್ಮನೇಲಿ ಮೊದಲ ವರ್ಷ ಹೀಗೇ ಆದಾಗ ನಾನು ಅಂಗಾತ ಮಲಗಿ ಕಪಾಟಿನೊಳಗೆ ತಲೆ ತೂರ್ಸ್ಕೊಂಡು ಒಂದು ಗಂಟೆ ಮೇಲೆ ಡ್ರೈಯರ್ ಹಿಡಿದಿದ್ದೆ, ಇದು ಆಗೋ ಕೆಲಸ ಅಲ್ಲ ಅಂತ ಏಳೋ ಹೊತ್ತಿಗೆ ಮೇಲಿಂದ ನಲ್ಲಿ ಒಂದ್ಸಲ ಕೆಮ್ಮಿತು. ಆಮೇಲೆ ಪುಸ್ ಅಂತ ಗಾಳಿ, ಎರಡು ಹನಿ, ಕಲ್ಲುಸಕ್ಕರೆ ಥರ ಐಸ್ ಚೂರುಗಳು ಟಣ್ ಟಣ್ ಅಂತ ಸಿಂಕಿಗೆ ಬಿದ್ವು, ಹಿಂದೇನೇ ಕಂದು ಬಣ್ಣದ ನೀರು, ಒಂದೆರಡು ನಿಮಿಷಕ್ಕೆ ತಿಳಿ ಆಯ್ತು. ನೀರು ಬಂತು ಅಂತ ಖುಷಿಯಾಗಿ ಎದ್ದು ಹೋಗ್ಬೇಡಿ, ಅರ್ಧ ಗಂಟೆ ಅಲ್ಲೇ ಕೂತು ಪೈಪು, ಗೋಡೆ, ಕೆಳಗೆ ಬೇಸ್‌ಮೆಂಟ್ ಸೀಲಿಂಗ್ ನೋಡ್ತಿರಿ. ಎಲ್ಲಾದ್ರೂ ತೇವ ಕಂಡ್ರೆ ವಾಲ್ವ್ ಹತ್ರ ನಿಂತೋರಿಗೆ ಕೂಗಿ.

ಗೋಡೆ ಒಳಗೇ ಕಟ್ಟಿದ್ದು ಕೈಗೆ ಸಿಗದೇ ಇದ್ರೆ ಪ್ಲಂಬರ್ ಕರೀರಿ, ಬಾಡಿಗೆ ಮನೆ ಆದ್ರೆ ಓನರ್‌ಗೆ ತಕ್ಷಣ ಫೋನು, ಜೊತೆಗೆ ಒಂದು ಮೆಸೇಜು ಕೂಡ ಹಾಕಿ, ಹೇಳಿದ್ವಿ ಅನ್ನೋದಕ್ಕೆ ದಾಖಲೆ ಇರ್ಲಿ.

ಟೆಕ್ಸಾಸ್‌ನ ಪ್ಲೇನೋದಿಂದ ಗೃಹಿಣಿ: ಚಳಿ ಅಲರ್ಟ್ ಬಂದ್ರೆ ನಲ್ಲಿ ಸಣ್ಣಗೆ ತೊಟ್ಟಿಕ್ಕೋಕೆ ಬಿಡಿ ಅಂತಾರೆ. ಹಾಸನದಿಂದ ಅತ್ತೆಯವರು ಬಂದಿದಾರೆ, ನಾನು ರಾತ್ರಿ ನಲ್ಲಿ ಬಿಟ್ಟು ಮಲಗಿದ್ರೆ ಅವರು ಎದ್ದು ಬಂದು ಒಂದೊಂದೇ ಗಟ್ಟಿಯಾಗಿ ತಿರುಗಿಸಿ ನಿಲ್ಲಿಸ್ತಾರೆ, ನೀರು ಪೋಲಾಗತ್ತೆ ಅಂತ. ನಿಜವಾಗ್ಲೂ ಬಿಡ್ಲೇಬೇಕಾ?

ನಿಮ್ಮ ಅತ್ತೆಯವರ ತಪ್ಪೇನಿಲ್ಲಮ್ಮ, ಬೆಳಗಿನ ಜಾವ ನಲ್ಲಿ ಬರೋದನ್ನ ಕಾದು ಕೊಡ ತುಂಬಿಸಿದ ತಲೆಮಾರು ಅದು, ತೊಟ್ಟಿಕ್ಕೋ ಸದ್ದು ಕೇಳಿದ್ರೆ ಅವರಿಗೆ ನಿದ್ದೆ ಬರಲ್ಲ. ಆದ್ರೆ ಇಲ್ಲಿ ಬಿಡ್ಲೇಬೇಕು. ಕಾರಣ ಅವರಿಗೆ ಹೀಗೆ ಹೇಳಿ.

ನೀರು ಗಡ್ಡೆ ಆದಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗತ್ತೆ. ಗಡ್ಡೆ ಹಿಗ್ಗಿ ಪೈಪನ್ನ ಅಲ್ಲೇ ಸೀಳತ್ತೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ. ಬಹಳ ಸಲ ಹಾಗಾಗಲ್ಲ, ಇಲಿನಾಯ್ ಯೂನಿವರ್ಸಿಟಿಯವರು ಇದನ್ನೇ ಪ್ರಯೋಗ ಮಾಡಿ ನೋಡಿದಾರೆ. ಗಡ್ಡೆ ಬೆಳೀತಾ ಬೆಳೀತಾ ಪಿಸ್ಟನ್ ಥರ ಮುಂದಿನ ನೀರನ್ನ ತಳ್ಳತ್ತೆ, ಆ ಕಡೆ ನಲ್ಲಿ ಬಂದಾಗಿರತ್ತೆ, ಮಧ್ಯೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ ಏರಿ ಕೊನೆಗೆ ಪೈಪ್ ಒಡೆಯತ್ತೆ, ಒಡೆದ ಜಾಗದಲ್ಲಿ ಗಡ್ಡೆನೇ ಇರಲ್ಲ ಕೆಲವು ಸಲ. ನಲ್ಲಿ ಚೂರು ತೆರೆದಿದ್ರೆ ಆ ಒತ್ತಡ ಹೊರಗೆ ಹೋಗತ್ತೆ. ಹರಿಯೋ ನೀರು ಬೇಗ ಕಟ್ಟಲ್ಲ ಅನ್ನೋದೂ ಇದೆ, ಆದ್ರೆ ಅಸಲಿ ಲಾಭ ಒತ್ತಡದ್ದು. ಅತ್ತೆಯವರಿಗೆ ಕುಕ್ಕರ್ ವಿಷಲ್ ಕಥೆ ಹೇಳಿ, ತಕ್ಷಣ ಅರ್ಥ ಆಗತ್ತೆ.

ಎಲ್ಲ ನಲ್ಲಿ ಬೇಡ, ಹೊರಗೋಡೆ ಕಡೆ ಇರೋವು, ಮೇನ್‌ನಿಂದ ದೂರ ಇರೋವು ಸಾಕು. ಬಿಸಿ, ತಣ್ಣೀರು ಎರಡೂ ಲೈನ್ ಬಿಡಿ, ಬಿಸಿನೀರಿನ ಪೈಪು ಕಟ್ಟಲ್ಲ ಅನ್ನೋದು ಸುಳ್ಳು, ರಾತ್ರಿಯಿಡೀ ನಿಂತ ನೀರಿಗೆ ಬಿಸಿ ಎಲ್ಲಿಂದ. ಕೆಳಗೆ ಬಕೆಟ್ ಇಡಿ. ಬೆಳಿಗ್ಗೆ ಆ ನೀರಲ್ಲಿ ಪಾತ್ರೆ ತೊಳೀಬಹುದು, ಗಿಡಕ್ಕೆ ಹಾಕ್ಬಹುದು, ಬಕೆಟ್ ಕಂಡ್ರೆ ಅವರೂ ನಲ್ಲಿ ಮುಟ್ಟಲ್ಲ.

ಇನ್ನು ನಿಮ್ಮೂರಿನ ಮನೆಗಳ ವಿಷಯ ಬೇರೆನೇ. ಮಿನೆಸೋಟಾದಲ್ಲಿ ಪಾಯ ತೆಗೆಯೋದೇ ದಕ್ಷಿಣ ಭಾಗದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು ಆಳ, ಮಣ್ಣು ಅಷ್ಟು ಆಳದವರೆಗೆ ಗಟ್ಟಿಯಾಗತ್ತೆ ಅಂತ ಮೊದಲೇ ಲೆಕ್ಕ ಹಾಕಿರ್ತಾರೆ. ಟೆಕ್ಸಾಸ್‌ನಲ್ಲಿ ಮನೆ ಕಟ್ಟೋದು ಬಿಸಿಲನ್ನ ಮನಸ್ಸಲ್ಲಿಟ್ಕೊಂಡು. ಬೇಸ್‌ಮೆಂಟ್ ಇರಲ್ಲ, ಎಷ್ಟೋ ಮನೇಲಿ ನೀರಿನ ಪೈಪ್ ಆಟಿಕ್‌ನಲ್ಲಿ, ಅಂದ್ರೆ ಸೂರಿನ ಕೆಳಗಿನ ಅಟ್ಟದಲ್ಲಿ ಹಾಯ್ದಿರತ್ತೆ, ಅಲ್ಲಿ ಬಿಸಿ ಇಲ್ಲ, ಬಿಸಿ ಹೋಗದ ಹಾಗೆ ತಡೆಯೋ ಇನ್ಸುಲೇಷನ್ ಪೈಪಿನ ಕೆಳಗಿರತ್ತೆ, ಮೇಲಲ್ಲ. ಇಂಥ ಮನೆಗಳಿಗೆ 20 ಫ್ಯಾರನ್‌ಹೀಟ್, ಅಂದ್ರೆ ಸುಮಾರು ಮೈನಸ್ 7 ಸೆಲ್ಸಿಯಸ್, ಅದೇ ಎಚ್ಚರಿಕೆ ಗಂಟೆ ಅಂತ ಅದೇ ಇಲಿನಾಯ್ ಪ್ರಯೋಗದಲ್ಲಿ ಕಂಡಿದ್ದು. ಗಾಳಿ ಜೋರಾಗಿದ್ರೆ ಅದಕ್ಕೂ ಮುಂಚೆನೇ ಕಾಟ ಶುರು ಆಗಬಹುದು.

2021ರ ಫೆಬ್ರವರಿ ನಿಮಗೆ ನೆನಪಿರಬಹುದು. ಫೆಬ್ರವರಿ 16ಕ್ಕೆ ಡಾಲಸ್ ಏರ್‌ಪೋರ್ಟಲ್ಲಿ ಮೈನಸ್ 2 ಫ್ಯಾರನ್‌ಹೀಟ್, ಅಂದ್ರೆ ಮೈನಸ್ 19 ಸೆಲ್ಸಿಯಸ್. ಚಳಿಗಿಂತ ಹೊಡೆತ ಕೊಟ್ಟಿದ್ದು ಕರೆಂಟು, ರಾಜ್ಯದಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟ್ ಹೋಗಿ ಹೀಟರ್ ನಿಂತು, ಮನೆ ಒಳಗೇ ಗಡ್ಡೆ ಕಟ್ಟೋ ಚಳಿ. ಆಮೇಲೆ ಬಿಸಿಲು ಬಂತು ನೋಡಿ, ಸೀಲಿಂಗ್‌ಗಳು ಒಂದೊಂದೇ ಬಿದ್ವು. ಊರಲ್ಲೆಲ್ಲ ಪೈಪ್ ಒಡೆದು ಸೋರಿ ನೀರಿನ ಒತ್ತಡವೇ ಇಳಿದು, ಕುಡಿಯೋ ನೀರು ಕುದಿಸಿ ಕುಡೀರಿ ಅಂತ ಊರೂರಿಗೆ ನೋಟಿಸ್ ಬಂತು. ಅದಕ್ಕೆ ನಿಮ್ಮಂಥೋರಿಗೆ ನನ್ನ ಮಾತು, ಅಲರ್ಟ್ ಬಂದ ದಿನ ಒಂದೆರಡು ದೊಡ್ಡ ಪಾತ್ರೆಲಿ ಕುಡಿಯೋ ನೀರು ತುಂಬಿಸಿಡಿ, ಟಬ್ಬಲ್ಲಿ ಫ್ಲಶ್ಶಿಗೆ ಅಂತ ತುಂಬಿಸಿ. ಈ ಕೆಲಸ ಅತ್ತೆಯವರಿಗೇ ವಹಿಸಿ, ಅವರಷ್ಟು ಚೆನ್ನಾಗಿ ಯಾರೂ ಮಾಡಲ್ಲ.

ಹೊರಗಿನ ನಲ್ಲಿಗೆ ಫೋಮ್ ಟೋಪಿ ಬರತ್ತೆ, ಕೆಲವೇ ಡಾಲರ್, ಹಾಕಿ. ಅದಕ್ಕಿಂತ ಮುಖ್ಯ, ಗಿಡಕ್ಕೆ ನೀರು ಹಾಕೋ ಹೋಸ್ ಪೈಪ್ ಬಿಚ್ಚಿ. ಫ್ರಾಸ್ಟ್ ಫ್ರೀ ನಲ್ಲಿ ನಮ್ಮದು, ಚಳಿಗೆ ಕಟ್ಟದ ಹಾಗೇ ಮಾಡಿರೋದು, ಏನೂ ಆಗಲ್ಲ ಅನ್ನೋರ ಮನೆದೇ ಒಡೆಯೋದು, ಹೋಸ್ ಸಿಕ್ಕಿಸೇ ಬಿಟ್ರೆ ಒಳಗಿನ ನೀರು ಇಳಿಯಲ್ಲ. ಮತ್ತೆ ನಿಮ್ಮ ಕಡೆ ಮೇನ್ ವಾಲ್ವ್ ಬಹಳ ಸಲ ರಸ್ತೆ ಪಕ್ಕ ಮೀಟರ್ ಬಾಕ್ಸ್ ಒಳಗಿರತ್ತೆ, ಮುಚ್ಚಳ ಎತ್ತಿ ತಿರುಗಿಸೋಕೆ ಉದ್ದನೆ ಕೀ ಬೇಕು, ಹಾರ್ಡ್‌ವೇರ್ ಅಂಗಡೀಲಿ ಸಿಗತ್ತೆ. ಬೇಸಿಗೇಲೇ ತಗೊಂಡಿಡಿ, ಅಲರ್ಟ್ ಬಂದ ದಿನ ಅಂಗಡಿಲಿ ಇರಲ್ಲ.

ಶಿಕಾಗೋ ಹತ್ರದ ನೇಪರ್‌ವಿಲ್‌ನಿಂದ: ಡಿಸೆಂಬರ್‌ನಲ್ಲಿ ತಂಗಿ ಮದುವೆಗೆ ಮೂರು ವಾರ ಊರಿಗೆ ಹೋಗ್ತಿದೀವಿ. ಖಾಲಿ ಮನೆಗೆ ಸುಮ್ನೆ ಯಾಕೆ ಗ್ಯಾಸ್ ಬಿಲ್ಲು, ಹೀಟರ್ ಆಫ್ ಮಾಡಿ ಹೋಗೋದಾ?

ಅಯ್ಯೋ ಬೇಡಿ. 55 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸ್ಲೇಬೇಡಿ, ಅಂದ್ರೆ 13 ಸೆಲ್ಸಿಯಸ್. ನಾನು ಒಂದ್ಸಲ 45ಕ್ಕೆ ಇಳಿಸಿ ಹೋಗಿದ್ದೆ, ಬುದ್ಧಿವಂತಿಕೆ ಜಾಸ್ತಿ ಆಗಿ. ಬಿಸಿ ಅಳೆದು ಹೀಟರ್ ನಡೆಸೋ ಥರ್ಮೋಸ್ಟಾಟ್ ಇರೋದು ಮನೆ ನಡುವೆ ಹಾಲ್‌ನಲ್ಲಿ, ಅಲ್ಲಿ 45 ಇದ್ರೆ ಸಿಂಕ್ ಹಿಂದಿನ ಗೋಡೆ ಒಳಗೆ ಎಷ್ಟಿರತ್ತೆ ಅಂತ ಯೋಚ್ನೆ ಮಾಡ್ಲಿಲ್ಲ. ವಾಪಸ್ ಬಂದು ಬಾಗಿಲು ತೆಗೆದಾಗ ಮೊದಲು ಮೂಗಿಗೆ ಬಡಿದಿದ್ದು ಒದ್ದೆ ಕಾರ್ಪೆಟ್ ವಾಸನೆ. ಮೂರು ವಾರದಲ್ಲಿ ಉಳಿಸಿದ ಗ್ಯಾಸ್ ದುಡ್ಡಿಗೆ ಒಂದು ಒಳ್ಳೆ ಊಟ ಬರ್ತಿತ್ತು, ನೆಲ ತೆಗೆಸಿ ಹಾಕ್ಸೋಕೆ ಆದ ಖರ್ಚು ಹೇಳೋಕೆ ಈಗಲೂ ನಾಚಿಕೆ.

ಹೋಗೋ ದಿನ ಮೇನ್ ವಾಲ್ವ್ ಬಂದ್ ಮಾಡಿ, ಮೇಲಿನ ಫ್ಲೋರಿಂದ ಶುರು ಮಾಡಿ ಎಲ್ಲ ನಲ್ಲಿ ತೆರೆದು ನೀರು ಇಳಿಸಿ, ಟಾಯ್ಲೆಟ್ ಫ್ಲಶ್ ಮಾಡಿ, ಕೊನೆಗೆ ಬೇಸ್‌ಮೆಂಟ್ ನಲ್ಲಿಯಿಂದ ಉಳಿದಿದ್ದು ಬಿಡಿ. ಹೀಗೆ ಮಾಡಿದ್ರೆ ಮನೆ ಬಿಸಿ ಮಾಡೋ ಫರ್ನೇಸ್ ಕೈ ಕೊಟ್ರೂ ಸುರಿಯೋಕೆ ನೀರೇ ಇರಲ್ಲ. ವಾಟರ್ ಹೀಟರನ್ನ ವೆಕೇಷನ್ ಸೆಟ್ಟಿಂಗ್‌ಗೆ ಇಳಿಸಿ. ಮನೆ ಬಿಸಿ ಮಾಡೋದು ರೇಡಿಯೇಟರ್ ಬಾಯ್ಲರ್ ಆದ್ರೆ, ಇಲ್ಲ ಬೆಂಕಿ ಆರಿಸೋ ಸ್ಪ್ರಿಂಕ್ಲರ್ ಇದ್ರೆ, ಮೇನ್ ಮುಚ್ಚೋಕ್ ಮುಂಚೆ ತಿಳಿದೋರನ್ನ ಕೇಳಿ, ಅವಕ್ಕೆ ನೀರು ಬೇಕಾಗಿರತ್ತೆ. ಸಿಂಕ್ ಕೆಳಗಿನ ಬಾಗಿಲು ತೆರೆದೇ ಇಡಿ. ಪಕ್ಕದ ಮನೆಯೋರಿಗೋ ಫ್ರೆಂಡಿಗೋ ಕೀ ಕೊಟ್ಟು ಎರಡು ದಿನಕ್ಕೊಮ್ಮೆ ಒಳಗೆ ಹೋಗಿ ನೋಡೋಕೆ ಹೇಳಿ, ವಾಪಸ್ ಬರುವಾಗ ಅವರಿಗೆ ಒಂದು ಕೆಜಿ ಮೈಸೂರ್ ಪಾಕ್ ತಂದ್ರಾಯ್ತು. ಇನ್ಶೂರೆನ್ಸ್ ಪಾಲಿಸಿ ಒಂದ್ಸಲ ಓದಿ, ಖಾಲಿ ಮನೇಲಿ ಹೀಟ್ ಇಡದೇ ಪೈಪ್ ಒಡೆದ್ರೆ ಕ್ಲೇಮ್ ಕೊಡಲ್ಲ ಅನ್ನೋ ಸಾಲು ಬಹಳಷ್ಟು ಪಾಲಿಸಿಲಿ ಇರತ್ತೆ.

ಇಂಗ್ಲೆಂಡಿನ ರೆಡಿಂಗ್‌ನಿಂದ ನರ್ಸ್ ಒಬ್ಬರು: ನಲ್ಲಿಲಿ ನೀರು ಬರ್ತಿದೆ, ಆದ್ರೆ ಮನೆ ಬಿಸಿ ಮಾಡೋ ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತ್ಹೋಗಿದೆ. ನೈಟ್ ಶಿಫ್ಟ್ ಮುಗಿಸಿ ಬಂದು ಮನೆ ತಣ್ಣಗೆ ಕೊರೀತಿದೆ. ಇಂಜಿನಿಯರ್ ನಾಳೆ ಬರ್ತಾರಂತೆ.

ಬಹುಶಃ ಇಂಜಿನಿಯರ್ ಬೇಕಾಗೇ ಇಲ್ಲ. ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗಳು ಹೊಗೆಯಲ್ಲಿರೋ ಆವಿಯನ್ನ ನೀರು ಮಾಡಿ ಒಂದು ಸಣ್ಣ ಪ್ಲಾಸ್ಟಿಕ್ ಪೈಪಲ್ಲಿ ಹೊರಗೆ ಬಿಡ್ತವೆ. ಆ ಪೈಪ್ ಮನೆ ಹೊರಗೋಡೆ ಮೇಲೆ ಇಳಿದಿದ್ರೆ ಚಳಿಗೆ ಕಟ್ಕೊಳತ್ತೆ, ನೀರು ಹಿಂದಕ್ಕೆ ತುಂಬಿ ಬಾಯ್ಲರ್ ತಾನಾಗೇ ನಿಲ್ಲತ್ತೆ, ಆ ಗುಳುಗುಳು ಅದರದ್ದೇ. ಹೊರಗೆ ಹೋಗಿ ಬಾಯ್ಲರ್ ಕಡೆಯಿಂದ ಬಂದು ಚರಂಡಿಗೆ ಇಳಿಯೋ ಬಿಳೀನೋ ಬೂದಿ ಬಣ್ಣದ್ದೋ ಪೈಪ್ ಹುಡುಕಿ, ಬಾಗಿರೋ ಕಡೆ ಮತ್ತೆ ಕೊನೆಯಲ್ಲಿ ಕಟ್ಟೋದು ಜಾಸ್ತಿ. ಬಿಸಿನೀರು ಜಗ್ಗಲ್ಲಿ ತಗೊಂಡು ನಿಧಾನಕ್ಕೆ ಸುರೀರಿ. ಕೆಟಲ್‌ನಿಂದ ಕುದಿಯೋದನ್ನೇ ಹಾಕ್ಬೇಡಿ, ಪ್ಲಾಸ್ಟಿಕ್ ಬಿರಿಯತ್ತೆ, ಸ್ನಾನದ ನೀರಿಗಿಂತ ಚೂರು ಜಾಸ್ತಿ ಬಿಸಿ ಇದ್ರೆ ಸಾಕು. ಮೂರ್ನಾಲ್ಕು ಜಗ್ ಆದ್ಮೇಲೆ ಬಾಯ್ಲರ್ ರೀಸೆಟ್ ಒತ್ತಿ. ನೆಲಕ್ಕೆ ಬಿದ್ದ ನೀರು ಅಲ್ಲೇ ಐಸ್ ಆಗಿ ಜಾರತ್ತೆ, ಉಪ್ಪು ಎರಚಿ. ಪೈಪ್ ಎತ್ತರದಲ್ಲಿದ್ರೆ ಏಣಿ ಹತ್ಬೇಡಿ, ರಾತ್ರಿಯಿಡೀ ನಿಂತ್ಕೊಂಡು ಕೆಲಸ ಮಾಡಿ ಬಂದಿದೀರ. ಚಳಿಗಾಲ ಮುಗಿದ್ಮೇಲೆ ಆ ಪೈಪನ್ನ ದಪ್ಪದ್ದು ಹಾಕ್ಸಿ ಮೇಲೆ ಫೋಮ್ ಸುತ್ತಿಸೋಕೆ ಓನರ್‌ಗೆ ಹೇಳಿ, ಇಲ್ದಿದ್ರೆ ಮುಂದಿನ ವರ್ಷವೂ ಇದೇ ಪಾಡು. ನಿಮ್ಮ ಕಡೆ ಮೇನ್ ವಾಲ್ವ್‌ಗೆ ಸ್ಟಾಪ್‌ಕಾಕ್ ಅಂತಾರೆ, ಬಹಳ ಮನೇಲಿ ಅಡುಗೆಮನೆ ಸಿಂಕ್ ಕೆಳಗೇ ಇರತ್ತೆ, ವರ್ಷಗಟ್ಲೆ ಮುಟ್ಟದೆ ಜಾಮ್ ಆಗಿರತ್ತೆ, ಇವತ್ತೇ ಒಂದ್ಸಲ ತಿರುಗಿಸಿ ನೋಡಿ.

ಸೋಮವಾರಪೇಟೆಯಿಂದ: ನನ್ನ ಯಜಮಾನರು ಆರ್ಮಿಲಿ ಇದಾರೆ, ಈ ಚಳಿಗಾಲ ನಾನೂ ಲೇಹ್‌ನಲ್ಲಿ ಬಾಡಿಗೆ ರೂಮ್ ಮಾಡಿ ಇರೋದು ಅಂತ ಮಾತಾಗಿದೆ. ಅಲ್ಲಿ ನಲ್ಲಿ ನೀರೇ ಬರಲ್ಲ ಅಂತಾರೆ, ನಿಜಾನಾ?

ಬಹುಪಾಲು ನಿಜ ತಂಗಿ. ಲೇಹ್ ಇರೋದು 3,500 ಮೀಟರ್ ಎತ್ತರದಲ್ಲಿ, ಜನವರಿ ರಾತ್ರಿ ಮೈನಸ್ 15, ಅದಕ್ಕಿಂತ ಕೆಳಗೂ ಹೋಗತ್ತೆ. ಚಳಿ ಶುರು ಆಗೋ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಪೈಪಿನ ನೀರನ್ನೆಲ್ಲ ಇಳಿಸಿ ಒಣ ಮಾಡಿಬಿಡ್ತಾರೆ, ಆಮೇಲೆ ಟ್ಯಾಂಕರು, ಕೈಪಂಪು, ಬೀದಿ ನಲ್ಲಿಯಿಂದ ಹೊತ್ತು ತರೋದು. ನಾವು ಹೀಟರ್ ಹಾಕಿ ಚಳಿ ಜೊತೆ ಗುದ್ದಾಡ್ತೀವಿ, ಅವರು ಪೈಪಲ್ಲಿ ನೀರೇ ಇರದ ಹಾಗೆ ನೋಡ್ಕೊಳ್ತಾರೆ, ನನಗೇನೋ ಅವರದೇ ಜಾಣತನ ಅನ್ಸತ್ತೆ. ಲಡಾಖಿ ಮನೆಗಳ ಹಳೇ ಒಣ ಪಾಯಿಖಾನೆನೂ ಹಾಗೇ, ನೀರು ಬೇಡ, ಮಣ್ಣು ಬೂದಿ ಹಾಕಿದ್ರೆ ಮುಗೀತು, ಹೊಲಕ್ಕೆ ಗೊಬ್ಬರ. ರೂಮ್ ನೋಡುವಾಗ ಅದಿದ್ಯಾ ಕೇಳಿ, ಇದ್ರೆ ಮುಖ ಸಿಂಡರಿಸ್ಬೇಡಿ, ಫೆಬ್ರವರಿಲಿ ಕೈಮುಗೀತೀರ.

ನೀರಿನ ಡ್ರಮ್ ರೂಮ್ ಒಳಗೇ ಇಡಿ, ಬಾಯಿವರೆಗೆ ತುಂಬ್ಬೇಡಿ, ನಾಲ್ಕು ಬೆರಳು ಜಾಗ ಬಿಡಿ. ರಾತ್ರಿ ಒಂದು ಕೆಟಲ್ ತುಂಬಿಸಿ ಇಟ್ಕೊಂಡೇ ಮಲಗಿ, ಡ್ರಮ್ ಮೇಲೆ ಐಸ್ ಪದರ ಕಟ್ಟಿದ್ರೆ ಬೆಳಿಗ್ಗೆ ಟೀಗಾದ್ರೂ ಆಗತ್ತೆ. ಇನ್ನೊಂದು ಮಾತು ನೀರಿಗಿಂತ ದೊಡ್ಡದು, ರೂಮ್ ಬಿಸಿಗೆ ಬುಖಾರಿ ಒಲೆ ಇಡ್ತಾರೆ, ಅದರ ಹೊಗೆ ಕೊಳವೆ ಸರಿಯಾಗಿ ಹೊರಗೆ ಹೋಗಿದ್ಯಾ ನೋಡಿ, ಕಿಟಕಿ ಒಂದು ಸಂದು ಬಿಡಿ, ಉರಿತಾ ಇರುವಾಗ ಬಾಗಿಲು ಕಿಟಕಿ ಬಿಗಿದು ಮಲಗೋದು ಪ್ರಾಣಕ್ಕೆ ಸಂಚಕಾರ. ಒಳಗೆ ತುಂಬೋ ವಿಷದ ಗ್ಯಾಸಿಗೆ, ಕಾರ್ಬನ್ ಮಾನಾಕ್ಸೈಡ್‌ಗೆ, ವಾಸನೆ ಇಲ್ಲ.

ಅದೇ ಲಡಾಖ್‌ನಲ್ಲಿ ಸೋನಮ್ ವಾಂಗ್ಚುಕ್ ಅವರು ಐಸ್ ಸ್ತೂಪ ಅಂತ ಮಾಡಿದ್ರಲ್ಲ, ಮೇಲಿನ ತೊರೆ ನೀರನ್ನ ಪೈಪಲ್ಲಿ ಇಳಿಸಿ ಚಳಿಗಾಲದಲ್ಲಿ ಕಾರಂಜಿ ಥರ ಚಿಮ್ಮಿಸಿ ಐಸ್ ಗುಡ್ಡೆ ಕಟ್ಟೋದು, ವಸಂತದಲ್ಲಿ ಅದು ಕರಗಿ ಹೊಲಕ್ಕೆ ನೀರು. ಅವರಿಗೂ ತಲೆನೋವು ಇದೇ, ಪೈಪಲ್ಲಿ ಹರಿವು ಸ್ವಲ್ಪ ನಿಂತ್ರೆ ಪೈಪೇ ಕಟ್ಕೊಳತ್ತೆ. ಸಾಧ್ಯ ಆದ್ರೆ ಹೋಗಿ ನೋಡ್ಕೊಂಡು ಬನ್ನಿ.

ತುಮಕೂರಿನಿಂದ ಒಂಬತ್ತನೇ ಕ್ಲಾಸ್ ಹುಡುಗ: ಬೆಂಗಳೂರಲ್ಲಿ ಯಾವತ್ತಾದ್ರೂ ಹೀಗೆ ಪೈಪ್ ಒಡೆಯತ್ತಾ ಸಾರ್? ಗಡ್ಡೆ ಪೈಪ್ ಒಡೆಯೋದನ್ನ ಮನೇಲಿ ಮಾಡಿ ನೋಡೋಕಾಗತ್ತಾ?

ಬೆಂಗಳೂರಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶನೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಲಿ. ಹಾಗಾಗಿ ನಿಮ್ಮೂರ ಕಡೆ ಪೈಪ್ ಒಡೆದ್ರೆ ರೋಡ್ ಅಗೆದೋರನ್ನ ಹಿಡ್ಕೋ, ಚಳಿನ ಬೈಬೇಡ.

ಪ್ರಯೋಗ ಮಾಡ್ಬಹುದು. ಗಾಜಿನದ್ದು ಬೇಡ, ಪ್ಲಾಸ್ಟಿಕ್ ನೀರಿನ ಬಾಟ್ಲಿ ಎರಡು ತಗೋ. ಎರಡರಲ್ಲೂ ಕತ್ತಿನವರೆಗೆ ನೀರು ತುಂಬಿಸಿ ಒಂದಕ್ಕೆ ಮುಚ್ಚಳ ಬಿಗಿ ಮಾಡು, ಇನ್ನೊಂದಕ್ಕೆ ತೆಗೆದಿಡು, ಎರಡನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಲಿ ನೆಟ್ಟಗೆ ನಿಲ್ಲಿಸಿ ರಾತ್ರಿ ಫ್ರೀಜರಲ್ಲಿ ಇಡು. ಬೆಳಿಗ್ಗೆ ಮುಚ್ಚಳ ಇಲ್ಲದ್ದರಲ್ಲಿ ಐಸ್ ಬಾಯಿಂದ ಮೇಲೆ ಎದ್ದು ಬಂದಿರತ್ತೆ, ಮುಚ್ಚಿದ್ದರ ಹೊಟ್ಟೆ ಇಲ್ಲ ತಳ ಉಬ್ಬಿರತ್ತೆ, ಸೀಳಿದ್ರೂ ಸೀಳಿರತ್ತೆ. ಪ್ಲೇನೋ ಅಕ್ಕನ ಮನೆ ನಲ್ಲಿ ತೆರೆದಿಡೋದಕ್ಕೂ ಮುಚ್ಚಿಡೋದಕ್ಕೂ ಇರೋ ವ್ಯತ್ಯಾಸ ಹೆಚ್ಚುಕಮ್ಮಿ ಇದೇ. ಅಮ್ಮಂಗೆ ಹೇಳಿ ಇಡು ಮಾತ್ರ, ಬಟಾಣಿ ಪ್ಯಾಕೆಟ್ ತೆಗೆಯೋಕೆ ಅಂತ ಫ್ರೀಜರಿಗೆ ಕೈ ಹಾಕಿ ಅವರು ಬೆಚ್ಚಿಬೀಳೋದು ಬೇಡ.